ಅಪ್ಪನ ಮುಂದೆ ಎರಡು ಪ್ಲೇಟು

ಗದಗದಲ್ಲಿ ಲಕ್ಷ್ಮೇಶ್ವರದ ಬಸ್ಸು ಹತ್ತಿದವನು, ಟಿಕೆಟ್ ತೆಗೆಸುವ ಮೊದಲೇ ಇಳಿದು ಮತ್ತೆ ಬೆಟಗೇರಿಯ ಹಳೇ ಸಾಮಾನಿನ ಅಂಗಡಿಗೆ ನಡೆದೆ. ಆ ವಾರದಲ್ಲಿ ಅದು ಮೂರನೇ ಸಲ. ಅಂಗಡಿಯವನಿಗೂ ಸಾಕಾಗಿತ್ತು. "ತಗೊಳ್ಳೂದಿದ್ರ ತಗೊಳ್ರಿ ಸರ, ಇಲ್ಲಾಂದ್ರ ನನ್ನ ತಲಿ ತಿನ್ನಬ್ಯಾಡ್ರಿ" ಎಂದ.

ನನಗೆ ಬೇಕಾದದ್ದು ಗಣಪತಿ ಸ್ತುತಿಯ ಗ್ರಾಮಫೋನ್ ಪ್ಲೇಟು. ಅವನಲ್ಲಿದ್ದದ್ದು ಆ ಕಾಲದ ಅಸಲಿ, ಆದರೆ ಮೈತುಂಬ ಗೀರು. ಅದನ್ನೇ ಈಚೆಗೆ ಹೊಸದಾಗಿ ಅಚ್ಚು ಹಾಕಿದ್ದಾರೆ. ಕೊರಿಯರ್‌ನಲ್ಲಿ ತರಿಸಿದ್ದ ಆ ಹೊಸದು ಮನೆಯಲ್ಲಿ ಸೀಲು ಒಡೆಯದೆ ಕೂತಿತ್ತು. ಎರಡರಲ್ಲಿ ಯಾವುದನ್ನು ಅಪ್ಪನ ಕೈಗೆ ಕೊಡುವುದು?

ಅಪ್ಪ ಮದುವೆಗಳಿಗೆ ಮೈಕ್‌ಸೆಟ್ ಹಾಕುತ್ತಿದ್ದ. ಶಿರಹಟ್ಟಿಯಿರಲಿ, ಮುಂಡರಗಿಯಿರಲಿ, ಮೊದಲು ಹಚ್ಚುತ್ತಿದ್ದದ್ದು ಆ ಪ್ಲೇಟು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಮಹಾನವಮಿಯ ಸಾರಣೆ-ಕಾರಣೆ ನಡೆದಿತ್ತು. ಹಬ್ಬಕ್ಕೆ ಮನೆಯ ಸಾಮಾನೆಲ್ಲ ತೊಳೆದು ಬಿಸಿಲಿಗೆ ಹಾಕಲೇಬೇಕು. ಶಾಣ್ಯಾತನ ತೋರಿಸಲು ಹೋಗಿ ನಾನು ಅಪ್ಪನ ಪ್ಲೇಟುಗಳನ್ನೂ ಸೀಗೆಪುಡಿ ಹಚ್ಚಿ ತೊಳೆದು, ಮಾಳಿಗೆಯ ಮೇಲೆ ಸಾಲಾಗಿ ಒಣಹಾಕಿದೆ. ಮಧ್ಯಾಹ್ನಕ್ಕೆ ಗಣಪತಿ ಸ್ತುತಿಯೂ ಸೇರಿ ಒಂದೊಂದೂ ಸೊಟ್ಟಗಾಗಿ ಅಂಚು ಮೇಲೆದ್ದಿದ್ದವು. ಅಪ್ಪ ಬಂದು ನೋಡಿದ. ಕೆಳಗಿಳಿದು, ಕೈಕಾಲು ತೊಳೆದು ಊಟಕ್ಕೆ ಕೂತ. ಎರಡೇಟು ಹಾಕಿದ್ದರೆ ಅಂದೇ ಮುಗಿದುಹೋಗುತ್ತಿತ್ತು. ಬೈಯಲೂ ಇಲ್ಲವಲ್ಲ, ಅದು ನನ್ನನ್ನು ಇಷ್ಟು ವಯಸ್ಸಾದರೂ ಒಂದು ಕಡೆ ಕೂರಗೊಟ್ಟಿರಲಿಲ್ಲ.

ಕೊನೆಗೆ ಹಳೆಯದನ್ನೂ ಕೊಂಡೆ. ಮರುದಿನ ಬೆಳಿಗ್ಗೆ ಎರಡನ್ನೂ ಒಂದಾದ ಮೇಲೊಂದು ಅಪ್ಪನ ಮುಂದೆ ಹಚ್ಚಿದೆ. ಹಳೆಯದರಲ್ಲಿ ಗ್ರಾಮಫೋನಿನ ಮುಳ್ಳು ಎರಡು ಕಡೆ ಹಾರಿತು. ನನಗೋ ಆ ಕರಕರ ಸದ್ದಿನಲ್ಲೇ ಮದುವೆಯ ಹಂದರ, ಬೇವಿನ ಗಿಡಕ್ಕೆ ಕಟ್ಟಿದ ಮೈಕಿನ ಅಗಲ ಬಾಯಿಯ ಭೋಂಗಾ ಎಲ್ಲ ಕಣ್ಣಮುಂದೆ ಬಂದವು.

"ಇದು ಅಸಲಿ ಐತಿ ನೋಡಪಾ" ಎಂದೆ.

"ಅಸಲಿ ತಗೊಂಡು ಏನ್ ಮಾಡ್ತಿ? ಮದುವಿ ಮನ್ಯಾಗ ಮುಳ್ಳು ಹಾರಿದ್ರ ಮಂದಿ ನಗ್ತಿದ್ರು" ಎಂದ ಅಪ್ಪ. "ಹೊಸಾದು ಛಲೋ ಐತಿ. ಅದನ್ನ ಹಚ್ಚು."

ಇಷ್ಟಕ್ಕೇ ನಾನು ಹುಚ್ಚನ ಹಾಗೆ ತಿರುಗಿದೆನೇ ಎಂದು ಸಿಟ್ಟು ಬಂತು. ಹೊಸದನ್ನೇ ಮತ್ತೆ ಹಚ್ಚಿದೆ. ಹಾಡು ಮುಗಿದ ಮೇಲೆ ಅದನ್ನು ಕವರಿಗೆ ತುರುಕಿ ಕಿಟಕಿಯ ಕಟ್ಟೆಯ ಮೇಲಿಟ್ಟು ಎದ್ದೆ.

"ಅಲ್ಲಿ ಬ್ಯಾಡ, ಬಿಸಲು ಬರತೈತಿ" ಎಂದ ಅಪ್ಪ, ನನ್ನ ಕಡೆ ನೋಡದೆ. "ಒಮ್ಮೆ ಹಪ್ಪಳ ಮಾಡಿದ್ದು ಸಾಕು."

ಅಷ್ಟು ವರ್ಷ ನಾನು ಕಾದಿದ್ದ ಬೈಗುಳ ಅದೇ. ಪ್ಲೇಟನ್ನು ಎತ್ತಿ ನೆರಳಿಗೆ ಇಟ್ಟು, ಅಪ್ಪನ ಪಕ್ಕದಲ್ಲಿ ಕೂತೆ.