ಆರು ತಿಂಗಳ ಕರು

ನಮ್ಮ ತಂದೆಯವರ ಮೇಲೆ ಎಮ್ಮೆಯ ಕರುವನ್ನು ಕದ್ದ ಆರೋಪವಿತ್ತು. ದೂರು ಕೊಟ್ಟವರು ಬಾಜೂ ಮನೆಯ ಕಾಕಾ. ಕರು ತಾನೇ ಹಗ್ಗ ಹರಿದುಕೊಂಡು ನಮ್ಮ ಕೊಟ್ಟಿಗೆಗೆ ಮೇಯಲು ಬಂದಿತ್ತೆಂಬುದು ಮರುದಿನವೇ ಇಬ್ಬರಿಗೂ ತಿಳಿಯಿತು. ಅಷ್ಟರಲ್ಲಿ ಪ್ರಕರಣ ದಾಖಲಾಗಿತ್ತು. ಕೇಳಿದಾಗ ಹಾಜರುಪಡಿಸಬೇಕೆಂದು ಕೋರ್ಟಿನವರು ಮುಚ್ಚಳಿಕೆ ಬರೆಸಿಕೊಂಡು, ಕರುವನ್ನು ಕಾಕಾನ ವಶಕ್ಕೇ ಕೊಟ್ಟರು.

ಅನಂತರ ಹನ್ನೊಂದು ವರ್ಷ ಬರೀ ತಾರೀಖುಗಳು. ತುಕ್ಕಾನಟ್ಟಿಯಿಂದ ಆರೋಪಿಯೂ ಫಿರ್ಯಾದಿಯೂ ಒಂದೇ ಮೋಟಾರ್ ಸೈಕಲ್ಲಿನ ಮೇಲೆ ನ್ಯಾಯಾಲಯಕ್ಕೆ ಹೋಗುತ್ತಿದ್ದರು. ವಕೀಲರು ಬಂದ ದಿನ ನ್ಯಾಯಾಧೀಶರು ರಜೆಯಲ್ಲಿರುತ್ತಿದ್ದರು. ಇಬ್ಬರೂ ಇದ್ದ ದಿನ ಪಂಚನಾಮೆಗೆ ಸಹಿ ಹಾಕಿದವರು ಹುಕ್ಕೇರಿಯಲ್ಲಿ ಮಗಳ ಮನೆಯಲ್ಲಿರುತ್ತಿದ್ದರು.

“ರಾಜಿ ಮಾಡ್ಕೊಳ್ಳೋಣಪಾ, ಬೆನ್ನ ನೋಯಾಕತ್ತೈತಿ,” ಎಂದರು ಕಾಕಾ.

“ಕದ್ದು ಮಾಫಿ ತಗೊಂಡ ಅಂತಾರ ಮಂದಿ. ನಾ ಕಳ್ಳ ಅಲ್ಲ ಅಂತ ಕೋರ್ಟನ ಹೇಳಬೇಕು,” ಎಂದರು ಅಪ್ಪ.

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ತ್ವರಿತ ವಿಚಾರಣೆ ಆರೋಪಿಯ ಮೂಲಭೂತ ಹಕ್ಕೆಂದು ಅವರಿಬ್ಬರಿಗೂ ವಿವರಿಸಿದೆ.

“ಹೌದಾ? ಮೊದಲ ಹೇಳಬಾರದೇನೋ,” ಎಂದರು ಕಾಕಾ.

ಆರು ಸಲ ತಿದ್ದಿ ಅರ್ಜಿ ಬರೆದೆ. ಗೋಕಾಕದ ವಕೀಲರು ಅದನ್ನು ಸಲ್ಲಿಸಿದರು. ಮುಂದಿನ ತಾರೀಖಿಗೆ ಕರುವನ್ನು ಹಾಜರುಪಡಿಸಲು ಆದೇಶವಾಯಿತು. ಪಂಚನಾಮೆಯ ನಕಲನ್ನು ಕಾಕಾನಿಗೆ ಓದಿ ಹೇಳಿದೆ: ‘ಕಪ್ಪು ಬಣ್ಣದ, ಸುಮಾರು ಆರು ತಿಂಗಳ ಹೆಣ್ಣು ಕರು.’ ತರುವುದು ದಾಖಲೆಗೆ ತಾಳೆಯಾಗಬೇಕೆಂದೂ ಗಂಭೀರವಾಗಿ ಎಚ್ಚರಿಸಿದೆ.

ಆ ದಿನ ಟೆಂಪೊದಿಂದ ಇಳಿದದ್ದು ನಿಜಕ್ಕೂ ಆರು ತಿಂಗಳ ಕರು.

ನ್ಯಾಯಾಧೀಶರು ಕಿಟಕಿಯಿಂದ ಅದನ್ನು ನೋಡಿ ಕಡತ ನೋಡಿದರು. “ಕಳುವಾದ ಕರು ಇದೇನಾ?”

“ಅಲ್ರಿ ಸಾಹೇಬ್ರ, ಇದರ ಅಜ್ಜಿ,” ಎಂದರು ಕಟಕಟೆಯಲ್ಲಿದ್ದ ಅಪ್ಪ.

“ಅದು ಮೂರು ಸಲ ಈದೈತ್ರಿ. ಕಾಗದದಾಗ ಆರು ತಿಂಗಳದ್ದು ಅಂತ ಐತಿ,” ಎಂದು ಕಾಕಾ ನನ್ನತ್ತ ಕೈ ತೋರಿಸಿದರು. “ತಾಳೆ ಆಗಬೇಕಂತ ಆ ಹುಡುಗ ಹೇಳ್ಯಾನ್ರಿ. ಡಿಗ್ರಿ ಆಗೈತ್ರಿ ಅವಂದು.”

ನಾನು ಮೇಲಿದ್ದ ಫ್ಯಾನನ್ನು ಪರಿಶೀಲಿಸತೊಡಗಿದೆ. ನ್ಯಾಯಾಧೀಶರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಬಳಿಕ, ಇನ್ನೊಂದು ತಲೆಮಾರು ಹುಟ್ಟುವ ಮೊದಲೇ ಸಾಕ್ಷ್ಯ ಮುಗಿಸೋಣ ಎಂದು ಅಂದೇ ಕಾಕಾನ ಹೇಳಿಕೆಯನ್ನು ದಾಖಲಿಸಿಕೊಂಡರು. “ತಾನ ಹೋಗಿತ್ರಿ. ಅವರ ಕಡೆ ಮೇವು ಚಲೋ ಇತ್ತು,” ಎಂದರು ಕಾಕಾ.

ಅದೇ ತಿಂಗಳು ಅಪ್ಪ ಖುಲಾಸೆಯಾದರು. ತೀರ್ಪಿನ ನಕಲು ಬಂದಾಗ ಹಿಟ್ಟಿನ ಗಿರಣಿಯ ಮುಂದೆ, ನಾಲ್ಕು ಜನರ ಎದುರಿಗೆ ನನ್ನಿಂದ ಓದಿಸಿದರು. ‘ಆರೋಪ ಸಾಬೀತಾಗಿಲ್ಲ’ ಎಂದಷ್ಟೇ ಅದರಲ್ಲಿತ್ತು. ಅಪ್ಪ ನನ್ನ ಬಾಯನ್ನೇ ನೋಡುತ್ತಿದ್ದರು. ಜೀವನದಲ್ಲಿ ಒಂದು ಅಕ್ಷರವನ್ನೂ ತಪ್ಪಾಗಿ ಓದದ ನಾನು ಗಂಟಲು ಸರಿಪಡಿಸಿಕೊಂಡು, “ಇವರು ಕಳ್ಳರಲ್ಲ,” ಎಂದು ಓದಿದೆ.

“ಇಷ್ಟ ಬರಿಯಾಕ ಹನ್ನೊಂದು ವರ್ಷ ಬೇಕಾತೇನು?” ಎಂದರು ಕಾಕಾ.

ಅಪ್ಪ ಮಾತ್ರ, “ಇನ್ನೊಮ್ಮೆ ಓದು,” ಎಂದರು.