ಅತ್ತೆಯ ಬಲಭುಜ

ಮೊನ್ನೆ ನನ್ನ ಕ್ಲಿನಿಕ್ಕಿಗೆ ಯಾರೋ ತಲೆಗೆ ಧಾರಾಳವಾಗಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದಿದ್ದರು. ಆ ವಾಸನೆಗೆ ಶಿಡ್ಲಘಟ್ಟದ ನಮ್ಮ ಪಕ್ಕದ ಮನೆಯ ಅತ್ತೆ ನೆನಪಾದರು. ರಕ್ತಸಂಬಂಧವೇನಿಲ್ಲ, ಚಿಕ್ಕಂದಿನಿಂದ ಹಾಗೆ ಕರೆದು ರೂಢಿ. ಅವರ ಬೆನ್ನಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ನಾನು ಗೀಚಿದ್ದನ್ನೆಲ್ಲ ಕೊಬ್ಬರಿ ಎಣ್ಣೆ ಸವರಿಯೇ ಒರೆಸುತ್ತಿದ್ದೆ...

ಆಗ ನಾನು ಫಿಸಿಯೋಥೆರಪಿ ಮೊದಲ ವರ್ಷದಲ್ಲಿದ್ದೆ. ಭುಜದ ಸ್ನಾಯುಗಳ ಹೆಸರು ಎಷ್ಟು ಉರು ಹೊಡೆದರೂ ತಲೆಗೆ ಹತ್ತುತ್ತಿರಲಿಲ್ಲ. ಹಾಸ್ಟೆಲಿನಿಂದ ರಜೆಗೆ ಬಂದರೆ ಅತ್ತೆಯೇ ನನ್ನ ಪಠ್ಯಪುಸ್ತಕ. ಫಿಲೇಚರಿನಲ್ಲಿ ರೇಷ್ಮೆಗೂಡಿನ ನೂಲು ತೆಗೆಯುವ ಕೆಲಸ ಮುಗಿಸಿ ಬಂದವರೇ, "ಬಾಮ್ಮ, ಬರ್ಕೋ" ಎಂದು ಬೆನ್ನು ಕೊಟ್ಟು ಕೂರುತ್ತಿದ್ದರು. ಡೆಲ್ಟಾಯ್ಡ್, ಟ್ರಪೀಜಿಯಸ್ ಎಂದು ಗೆರೆ ಎಳೆದರೆ ಅವರಿಗೆ ನಗು. "ಇಷ್ಟೊಂದು ಜನ ನನ್ ಮೈಯಾಗೆ ಯಾವಾಗ ಬಂದು ಸೇರ್ಕಂಡ್ರು?" ಎನ್ನುತ್ತಿದ್ದರು.

ಒಂದು ಸಂಜೆ ಅವರ ಬಲ ರೆಕ್ಕೆಮೂಳೆಯ ಮೇಲೆ ನನ್ನ ಬೆರಳು ಒಳಕ್ಕೆ ಇಳಿಯಿತು. ಎಡಗಡೆ ಮಾಂಸ ತುಂಬಿತ್ತು, ಇಲ್ಲಿ ಹಳ್ಳ. ಮೂಳೆಯ ಏಣು ಪುಸ್ತಕದ ಚಿತ್ರಕ್ಕಿಂತ ಸ್ಪಷ್ಟವಾಗಿ ಎದ್ದು ಕಾಣುತ್ತಿತ್ತು. ಇನ್‌ಫ್ರಾಸ್ಪೈನೇಟಸ್ಸಿನ ಜಾಗ ಕೊನೆಗೂ ಸಿಕ್ಕಿತೆಂದು ನನಗೆ ಖುಷಿಯೋ ಖುಷಿ. ಆ ಸ್ನಾಯು ಸೊರಗಿಹೋಗಿದ್ದರಿಂದಲೇ ಮೂಳೆ ಅಷ್ಟು ಚೆನ್ನಾಗಿ ಕಾಣುತ್ತಿದೆ ಎಂಬುದು ಈ ಪೆದ್ದಿಗೆ ಹೊಳೆಯಲಿಲ್ಲ.

"ಎಲ್ಲಾ ಸರಿಯಾಗೈತೇನಮ್ಮ?" ಎಂದರು ಅತ್ತೆ.

"ಎಲ್ಲಾ ಸರಿಯಾಗಿದೆ ಅತ್ತೆ" ಎಂದೆ.

ನಾನು ಹಾಸ್ಟೆಲಿಗೆ ಮರಳಿದ ಮೇಲೆ ಆ ಕೈಯಲ್ಲಿ ತಲೆ ಬಾಚಿಕೊಳ್ಳುವುದು ನಿಂತಿತಂತೆ. ಮತ್ತೆ ಕೆಲವು ತಿಂಗಳಿಗೆ ಗೂಡಿನ ಬುಟ್ಟಿ ಎತ್ತುವುದೂ ನಿಂತಿತು. ಆಸ್ಪತ್ರೆಗೆ ಹೋಗು ಎಂದು ಯಾರು ಹೇಳಿದರೂ ಅವರದ್ದು ಒಂದೇ ಮಾತು: "ನಮ್ ಹುಡ್ಗಿ ನೋಡವ್ಳೆ. ಎಲ್ಲಾ ಸರಿಯಾಗೈತೆ ಅಂದವ್ಳೆ." ನನಗೆ ಇದೆಲ್ಲ ತಿಳಿದದ್ದು ಅವರನ್ನು ಚಿಕ್ಕಬಳ್ಳಾಪುರದಲ್ಲಿ ಆಸ್ಪತ್ರೆಗೆ ಸೇರಿಸಿದ ಮೇಲೆ. ಕುತ್ತಿಗೆಯ ಬುಡದಲ್ಲಿ ಗಡ್ಡೆ ಬೆಳೆದು ಭುಜದ ನರವನ್ನು ಒತ್ತುತ್ತಿತ್ತು. ವರ್ಷದ ಹಿಂದೆಯೇ ಯಾಕೆ ಬರಲಿಲ್ಲ ಎಂದು ಡಾಕ್ಟರು ಗದರಿದರು. ಅತ್ತೆ ಎಡಗೈಯಲ್ಲಿ ನನ್ನನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, "ಇವ್ಳೂ ನಿಮ್ಮಂಗೇ ಓದ್ತಾವ್ಳೆ ಸಾರ್" ಎಂದರು, ಹೆಮ್ಮೆಯಿಂದ.

ಈಗ ಚಿಂತಾಮಣಿಯ ನನ್ನ ಕ್ಲಿನಿಕ್ಕಿಗೆ ಕಲಿಯಲು ಬರುವ ಹುಡುಗಿಯರು ಸ್ನಾಯುಗಳ ಹೆಸರನ್ನು ಪಟಪಟನೆ ಒಪ್ಪಿಸುತ್ತಾರೆ. ಎರಡೂ ಭುಜ ಮುಟ್ಟಿ ನೋಡದೆ ಬಾಯಿ ಬಿಟ್ಟರೆ ಸಿಡುಕುತ್ತೇನೆ. ಮೇಡಂ ತುಂಬಾ ಜೋರು ಎನ್ನುತ್ತಾರೆ. ಅನ್ನಲಿ.

ಆಸ್ಪತ್ರೆಯಿಂದ ಬಂದ ಮೇಲೆ ಅತ್ತೆ ಮೂರು ತಿಂಗಳು ಇದ್ದರು. ಪ್ರತಿ ಭಾನುವಾರ ಹೋಗಿ ತುತ್ತು ಮಾಡಿ ತಿನ್ನಿಸಿದೆ. ನಾನು ಅಂದು ತಪ್ಪು ಹೇಳಿದೆ ಎಂಬ ಒಂದು ಮಾತನ್ನು ಮಾತ್ರ ಆಡಲಾಗಲಿಲ್ಲ... ಸಾಯುವವರೆಗೂ ಅವರು ನನ್ನನ್ನು ನಂಬಿದ್ದರು.