ಬೇಚರಾಕ್ ಊರಿನ ಅಜ್ಜಿ

ನಾನು ಕಾರು ಹತ್ತುವಾಗ ಆ ಅಜ್ಜಿ ಹಿಡಿದುಕೊಂಡದ್ದು ನನ್ನ ಕೈಯನ್ನೋ, ಕೋಟಿನ ತುದಿಯನ್ನೋ, ಈಗ ಖಚಿತವಾಗಿ ಹೇಳಲಾರೆ. ಅವಳ ಮಾತುಗಳನ್ನೂ ನನ್ನ ನೆನಪು ಎಷ್ಟು ತಿದ್ದಿದೆಯೋ ಗೊತ್ತಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಹೊಸತು. ಎಂಜಿನಿಯರಿಂಗ್ ಕಾಲೇಜೊಂದಕ್ಕೆ ಜಾಗ ಹುಡುಕುತ್ತಿದ್ದ ಯೋಜನಾ ಸಮಿತಿಯ ಜೊತೆ ಕಿರಿಯ ಉಪನ್ಯಾಸಕನಾದ ನಾನೂ ಕುಂದಾಣದ ಆಚೆಗೆ ಹೋಗಿದ್ದೆ. ಪ್ಲೇಗಿನ ಕಾಲದಲ್ಲಿ ಜನ ಬಿಟ್ಟುಹೋದ ಊರು ಅದು. ಕಂದಾಯದವರ ಮಾತಿನಲ್ಲಿ ಬೇಚರಾಕ್. ಯಾರನ್ನೂ ಒಕ್ಕಲೆಬ್ಬಿಸಬಾರದೆಂದು, ಒಬ್ಬರೂ ವಾಸವಿಲ್ಲದ ಜಾಗವನ್ನೇ ಆರಿಸುವುದು ಸಮಿತಿಯ ನಿಯಮ. ಆದರೆ ಮುರಿದ ಗೋಡೆಗಳ ನಡುವಿನ ಒಂದು ಗುಡಿಸಲಿನಿಂದ ಹೊಗೆ ಏಳುತ್ತಿತ್ತು.

ವಿಚಾರಿಸಲು ಅಧ್ಯಕ್ಷರು ನನ್ನನ್ನು ಕಳಿಸಿದರು. ಅಜ್ಜಿ ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದೆ. ಕಾಲೇಜು ಎಂದೊಡನೆ ಅವಳ ಮುಖ ಅರಳಿತು.

“ಹುಡುಗ್ರು ರಾತ್ರೀನೂ ಇಲ್ಲೇ ಇರ್ತಾರಾ ಸ್ವಾಮಿ?”

“ಇರ್ತಾರೆ ಅಜ್ಜಿ, ಹಾಸ್ಟೆಲ್ ಕಟ್ತಾರೆ.”

“ಹಂಗಾದ್ರೆ ಬಿರ್ನೆ ಕಟ್ಸಿ. ನನ್ ಮಾತು ಕೇಳಿ ಕೇಳಿ ಕೋಳಿಗೂ ಬ್ಯಾಸ್ರ ಆಗೈತೆ. ಅವ್ರು ಎಷ್ಟೇ ಗಲಾಟೆ ಮಾಡ್ಲಿ, ನಾನು ಬಯ್ಯಾಕಿಲ್ಲ.”

ಕಾರಿನವರೆಗೂ ಬಂದು ಅಧ್ಯಕ್ಷರಿಗೆ ಕೈಮುಗಿದಳು. “ನಾನೆಲ್ಲೂ ಹೋಗಾಕಿಲ್ಲ ಬುದ್ಧಿ, ಇಲ್ಲೇ ಕಾಯ್ತಾ ಇರ್ತೀನಿ.” ಅಧ್ಯಕ್ಷರು ತಲೆಯಾಡಿಸಿದರು.

ಕಾಲೇಜು ಅಲ್ಲಿಗೆ ಬರಲಿಲ್ಲ. ಕೆಲವು ವರ್ಷಗಳ ಮೇಲೆ ಅಧ್ಯಕ್ಷರನ್ನೂ ಇನ್ನೊಬ್ಬ ಸದಸ್ಯರನ್ನೂ ಬೇರೆಬೇರೆಯಾಗಿ ಕಂಡು ಕಾರಣ ಕೇಳಿದೆ. ಇಬ್ಬರೂ ಒಂದೇ ಮಾತು ಹೇಳಿದರು: ನೆಲ, ನೀರು, ದಾರಿ ಎಲ್ಲವೂ ಒಪ್ಪಿಗೆಯಾಗಿದ್ದವು, ಅಲ್ಲಿ ಜನವಾಸವಿದೆ ಎಂಬ ಒಂದೇ ಕಾರಣಕ್ಕೆ ಸಮಿತಿ ಆ ಜಾಗವನ್ನು ಕೈಬಿಟ್ಟಿತ್ತು.